ಕಂಬಳಿಯಿಂದ ಕಟಕಟೆಗೆ: ಕಂಬಂ ಕಣಿವೆಯ ಕನ್ನಡಿಗರ ಮದುವೆ ವ್ಯಾಜ್ಯಗಳ ಕಥೆ

ನೆಲಕ್ಕೆ ಹಾಸಿದ ಕಂಬಳಿ. ಅದರ ಮೇಲೆ ನೀರು ತುಂಬಿದ ಮಡಕೆ, ನೀರಿನಲ್ಲಿ ಬೇವಿನ ಎಲೆ. ಕೂಟ ಪವಿತ್ರವಾದದ್ದು ಎಂಬುದಕ್ಕೆ ಆ ಬೇವು-ನೀರೇ ಗುರುತು. ತಮಿಳುನಾಡಿನ ಕಂಬಂ ಕಣಿವೆಯ ಅನುಪ್ಪ ಗೌಂಡರ ಕುಲಪಂಚಾಯ್ತಿ ಹೀಗೆ ಸೇರುತ್ತಿತ್ತು ಎಂದು ಡಬ್ಲ್ಯು. ಫ್ರಾನ್ಸಿಸ್ 1906ರ ಮಧುರೆ ಜಿಲ್ಲಾ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಗಂಡ-ಹೆಂಡಿರ ಜಗಳ, ಹೆಣ್ಣು ಕೊಡುವ ಹಕ್ಕಿನ ತಕರಾರು, ಕುಲದ ಕಟ್ಟು ಮೀರಿದವರ ವಿಚಾರ ಎಲ್ಲವೂ ಆ ಕಂಬಳಿಯ ಮುಂದೆ ಬರುತ್ತಿದ್ದವು. ಇಂದು ಅದೇ ಕಣಿವೆಯ ಹೆಣ್ಣುಮಗಳೊಬ್ಬಳು ಮದುವೆಯಿಂದ ಬಿಡುಗಡೆ ಬೇಕೆಂದರೆ ಉತ್ತಮಪಾಳ್ಯಂ, ಪೆರಿಯಕುಳಂ ಅಥವಾ ತೇಣಿಯ ನ್ಯಾಯಾಲಯಕ್ಕೆ ಹೋಗಿ ವಕಾಲತ್ತಿಗೆ ಸಹಿ ಹಾಕುತ್ತಾಳೆ. ಈ ಎರಡರ ನಡುವೆ ಇರುವುದು ಸುಮಾರು ಇನ್ನೂರು ವರ್ಷಗಳ ಚರಿತ್ರೆ. ಕುಲದ ಪದ್ಧತಿಯನ್ನು ಬಲ್ಲ ಸ್ಥಳೀಯ ವಕೀಲ ಆ ಚರಿತ್ರೆಯ ಪ್ರತಿ ತಿರುವಿನಲ್ಲೂ ಅನಿವಾರ್ಯನಾಗುತ್ತಲೇ ಬಂದಿದ್ದಾನೆ.

ಪಶ್ಚಿಮ ಘಟ್ಟದ ನೆರಳಿನ ಈ ಕಣಿವೆಗೆ ಕನ್ನಡ ಬಂದದ್ದು ಒಕ್ಕಲುತನದ ಜೊತೆಗೆ. ಕಪ್ಪಿಲಿಯರು, ಅನುಪ್ಪರು ಇಬ್ಬರೂ ಕನ್ನಡ ಮಾತಿನ ಬೇಸಾಯಗಾರರು, ಇಬ್ಬರ ಬಿರುದೂ ಗೌಂಡರ್. ತುರುಕರ ದಾಳಿಗೆ ಹೆದರಿ ತೆಂಕಣಕ್ಕೆ ಹೊರಟಾಗ ತುಂಬಿದ ಹೊಳೆಯೊಂದು ಅಡ್ಡ ಬಂತು, ದಡದ ಹೊಂಗೆ ಮರಗಳು ಬಾಗಿ ಸೇತುವೆಯಾದವು ಎಂಬ ವಲಸೆಯ ಕಥೆಯನ್ನು ಕಪ್ಪಿಲಿಯರೂ ತೆಲುಗು ಮಾತಿನ ತೊಟ್ಟಿಯರೂ ಹೇಳಿಕೊಳ್ಳುತ್ತಿದ್ದರು. ಅನುಪ್ಪರ ಕಥೆಯೂ ಅದನ್ನೇ ಹೋಲುತ್ತದೆ. ಕಂಬಮ್ಮಿನ ನಂದಗೋಪಾಲನ ದನದ ಹಿಂಡನ್ನು ತಮಿಳಿನಲ್ಲಿ ತಂಬಿರಾನ್ ಮಾಡು ಎನ್ನುತ್ತಾರೆ. ಕಪ್ಪಿಲಿಯರ ಬಾಯಲ್ಲಿ ಅವು ದೇವರಾವು, ಹಿಂಡಿನ ಅರಸು ಪಟ್ಟದಾವು. ಪಟ್ಟದಾವು ತೀರಿಕೊಂಡರೆ ಹಿಂಡಿನ ಮುಂದೆ ಕಬ್ಬು ಇಟ್ಟು, ಯಾವುದು ಮುಂದೆ ಬಂದು ತಿನ್ನುತ್ತದೋ ಅದಕ್ಕೆ ಪಟ್ಟ ಕಟ್ಟುತ್ತಿದ್ದರು. ಕಂಬಮ್ಮಿನಲ್ಲಿ ಈ ಎರಡು ಕನ್ನಡ ಕುಲಗಳ ನಡುವೆಯೇ ಹಿಂದೆ ದೊಡ್ಡ ಜಗಳವಾಯಿತಂತೆ. ಕಪ್ಪಿಲಿಯರ ನಾಯಕ ರಾಮಚ್ಚ ಕೌಂಡನ್ ಅದರಲ್ಲಿ ಸತ್ತ, ಸಾಯುವಾಗ ಇಟ್ಟ ಶಾಪದಿಂದ ಅನುಪ್ಪರು ಆ ಊರಲ್ಲಿ ಏಳಿಗೆಯಾಗಲಿಲ್ಲ ಎಂಬುದು ಸ್ಥಳೀಯ ಐತಿಹ್ಯ.

ಅನುಪ್ಪರ ಕುಲಾಡಳಿತ ಬಿಗಿಯಾಗಿತ್ತು. ಅವರಲ್ಲಿ ಆರು ಮೇಡುಗಳು, ಅಂದರೆ ಪ್ರಾದೇಶಿಕ ಗುಂಪುಗಳು: ಮೂರಕ್ಕೆ ಮಧುರೆ ಜಿಲ್ಲೆಯ ಹಳ್ಳಿಗಳ ಹೆಸರು, ಮೂರಕ್ಕೆ ತಿರುನೆಲ್ವೇಲಿಯವು. ಪ್ರತಿ ಮೇಡಿಗೂ ಒಬ್ಬ ಯಜಮಾನ. ಮಧುರೆಯ ಮೂರು ಮೇಡುಗಳಲ್ಲಿ ಹದಿನೆಂಟು ಕಿಳೈಗಳು, ಅಂದರೆ ಬಳಿಗಳು. ಯಾವ ಬಳಿಯವರು ಯಾವ ಬಳಿಯಿಂದ ಹೆಣ್ಣು ತರಬೇಕೆಂಬುದು ನಿಗದಿಯಾಗಿತ್ತು. ಸೋದರತ್ತೆಯ ಮಗಳ ಮೇಲೆ ಗಂಡಿನ ಹಕ್ಕನ್ನು ಅನುಪ್ಪರು, ಕಪ್ಪಿಲಿಯರು, ತೊಟ್ಟಿಯರು ಮೂವರೂ ಎಷ್ಟು ಕಟ್ಟುನಿಟ್ಟಾಗಿ ಹಿಡಿದಿದ್ದರೆಂದರೆ, ಪ್ರಾಯಕ್ಕೆ ಬಂದ ಹೆಣ್ಣು ಇನ್ನೂ ಆಡುವ ವಯಸ್ಸಿನ ಹುಡುಗನ ಹೆಂಡತಿಯಾಗುವುದೂ ಇತ್ತು. ಹೆಣ್ಣಿನ ಒಪ್ಪಿಗೆಯನ್ನು ಈ ಹಕ್ಕು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಅನ್ಯಕುಲದವನ ಜೊತೆ ಹೋದವಳನ್ನು ಕುಲದಿಂದ ಹೊರಗಿಡುತ್ತಿದ್ದರು. ಅವಳು ತಮ್ಮ ಪಾಲಿಗೆ ಸತ್ತಳೆಂದು ತೋರಿಸಲು ಮೇಕೆಯೊಂದನ್ನು ಜೀವಂತ ಹೂಳುತ್ತಿದ್ದರು ಎಂದು ಗೆಜೆಟಿಯರ್ ಕೇಳಿಕೆಯ ಮಾತಾಗಿ ದಾಖಲಿಸುತ್ತದೆ. ತೊಟ್ಟಿಯರ ಪಂಚಾಯ್ತಿಯಲ್ಲಿ ಆರೋಪ ಹೊತ್ತವರಿಗೆ ದಿವ್ಯವಿತ್ತು: ಸುಡದ ಹಸಿ ಮಡಕೆಯಲ್ಲಿ ಅನ್ನ ಬೇಯಿಸಿ ತೋರಿಸಬೇಕು. ಮಡಕೆ ಕರಗಿದರೆ ತಪ್ಪು ಸಾಬೀತು.

ಹಾಗೆಂದು ಆ ಕಾಲದ ಮದುವೆ ಬಿಡಿಸಲಾಗದ ಗಂಟೇನೂ ಆಗಿರಲಿಲ್ಲ. ದಕ್ಷಿಣದ ಒಕ್ಕಲು ಕುಲಗಳಲ್ಲಿ ಹಲವಕ್ಕೆ ಹಿರಿಯರ ಎದುರು ಬಿಟ್ಟು ಬೇರೆಯಾಗುವ, ಮತ್ತೆ ಮದುವೆಯಾಗುವ ದಾರಿ ಇತ್ತು. ಕರ್ನಾಟಕದ ಹಳ್ಳಿಗಳಲ್ಲಿ ಉಡಿಕೆ, ಕೂಡಿಕೆ ಎಂದು ನಡೆಯುತ್ತಿದ್ದುದು ಇದೇ. ಕಂಬಂ ಕಣಿವೆಯ ನೆರೆಯವರಾದ ಕಳ್ಳರ್ ಕುಲದಲ್ಲಿ ಗಂಡ ಕುಲದವರ ಮುಂದೆ ಹೆಂಡತಿಯ ಕೈಗೆ ಒಂದು ಹುಲ್ಲುಕಡ್ಡಿ ಕೊಟ್ಟರೆ ಸಂಬಂಧ ಮುಗಿಯುತ್ತಿತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಕುಲಗಳ ಏಳು ಸಂಪುಟಗಳಲ್ಲಿ ಇದರ ವಿವರ ಸಿಗುತ್ತದೆ. ಕಾಗದವಿಲ್ಲ, ಮೊಹರಿಲ್ಲ. ಸಾಕ್ಷಿ ಕುಲದವರ ನೆನಪು ಮಾತ್ರ.

ಆ ನೆನಪನ್ನು ನ್ಯಾಯಾಧೀಶರ ಮುಂದೆ ಹೇಗೆ ಇಡುವುದು? ಕಂಪನಿ ಸರ್ಕಾರದ ಕೋರ್ಟು ಬಂದ ದಿನದಿಂದ ಎದ್ದ ಪ್ರಶ್ನೆ ಇದು.

ದಿಂಡಿಗಲ್ ಸೀಮೆ ಮೈಸೂರಿನ ಕೈಯಲ್ಲಿದ್ದ ಕಾಲವಿತ್ತು. 1755ರಲ್ಲಿ ಅಲ್ಲಿ ಫೌಜದಾರನಾಗಿ ಕೂತ ಹೈದರ್ ಅಲಿ ಮುಂದೆ ಮೈಸೂರನ್ನೇ ಆಳಿದ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ದಿಂಡಿಗಲ್ಲೂ ಸೇರಿತ್ತು. ಕಂಪನಿಯವರು 1802ರ ರೆಗ್ಯುಲೇಷನ್‌ಗಳ ಮೂಲಕ ಮದ್ರಾಸ್ ಪ್ರಾಂತ್ಯದಲ್ಲಿ ಜಿಲ್ಲಾ ಕೋರ್ಟುಗಳನ್ನು ಕಟ್ಟಿದರು, ವಕೀಲರ ನೇಮಕಕ್ಕೂ ಕಟ್ಟಳೆ ಮಾಡಿದರು. ಹಿಂದೂಗಳ ಮದುವೆ, ದಾಯದ ವಿಚಾರಗಳಿಗೆ ಧರ್ಮಶಾಸ್ತ್ರವೇ ಆಧಾರವೆಂದಾಯಿತು. ಆದರೆ ಕಂಬಳಿಯ ಮೇಲೆ ಕೂತು ತೀರ್ಪು ಹೇಳುತ್ತಿದ್ದ ಒಕ್ಕಲಿಗ ಧರ್ಮಶಾಸ್ತ್ರ ಓದಿದವನಲ್ಲ. ಅವನ ಕಾನೂನು ಅವನ ರೂಢಿ.

ಈ ಬಿಕ್ಕಟ್ಟಿಗೆ ದಾರಿ ತೋರಿಸಿದ್ದು ಇದೇ ಮಧುರೆ ಜಿಲ್ಲೆಯ ಹೆಸರು ಹೊತ್ತ ಮೊಕದ್ದಮೆ. 1868ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮಧುರೆ ಕಲೆಕ್ಟರ್ ಮತ್ತು ಮುತ್ತು ರಾಮಲಿಂಗ ಸೇತುಪತಿಯ ನಡುವಿನ ವ್ಯಾಜ್ಯವನ್ನು ತೀರ್ಮಾನಿಸಿತು. ವಿಷಯ ರಾಮನಾಡಿನ ರಾಣಿ ಮಾಡಿಕೊಂಡ ದತ್ತು. ಅದರಲ್ಲಿ ಸ್ಥಿರವಾದ ತತ್ವ ಮಾತ್ರ ಇಡೀ ದೇಶಕ್ಕೆ ಅನ್ವಯವಾಯಿತು: ರೂಢಿಯನ್ನು ಸ್ಪಷ್ಟವಾಗಿ ರುಜುವಾತು ಮಾಡಿದರೆ ಅದು ಬರೆದಿಟ್ಟ ಶಾಸ್ತ್ರವಚನಕ್ಕಿಂತ ಮೇಲು. 1894ರಲ್ಲಿ ಶಂಕರಲಿಂಗಂ ಚೆಟ್ಟಿ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು ಕುಲಾಚಾರದ ವಿಚ್ಛೇದನ ಅನೀತಿಯಲ್ಲ ಎಂದು ಒಪ್ಪಿತು. ಹೀಗೆ ಹುಲ್ಲುಕಡ್ಡಿಗೂ ಕಂಬಳಿಗೂ ಕಾನೂನಿನಲ್ಲಿ ಜಾಗ ಸಿಕ್ಕಿತು, ಆದರೆ ಒಂದು ಷರತ್ತಿನ ಮೇಲೆ. ರುಜುವಾತು ಬೇಕು. ಆ ರೂಢಿ ಹಳೆಯದು, ಬಿಡದೆ ನಡೆದು ಬಂದದ್ದು, ಕುಲದವರೆಲ್ಲ ಒಪ್ಪಿದ್ದು ಎಂದು ತೋರಿಸಬೇಕು. 1872ರ ಸಾಕ್ಷ್ಯ ಕಾಯ್ದೆಯ 48ನೇ ಕಲಂ ರೂಢಿಯ ಬಗ್ಗೆ ಬಲ್ಲವರ ಅಭಿಪ್ರಾಯಕ್ಕೆ ಬೆಲೆ ಕೊಟ್ಟಿತು. ಊರ ಹಿರಿಯರನ್ನು ಹುಡುಕಿ, ಕೋರ್ಟಿಗೆ ಕರೆತಂದು, ಅವರ ಬಾಯಿಂದ ಪದ್ಧತಿಯನ್ನು ಹೇಳಿಸುವ ಕೆಲಸ ವಕೀಲನ ಪಾಲಿಗೆ ಬಂತು. ಮದ್ರಾಸಿನಲ್ಲಿ ಕೂತ ಬ್ಯಾರಿಸ್ಟರನಿಗೆ ಅನುಪ್ಪರ ಮೇಡೂ ತಿಳಿಯದು, ಕಿಳೈಯೂ ತಿಳಿಯದು.

ಶಾಸನದ ಮೂಲಕ ಹಿಂದೂಗಳಿಗೆ ವಿಚ್ಛೇದನ ಬಂದದ್ದು 1955ರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮದ್ರಾಸ್ ಪ್ರಾಂತ್ಯದವರಿಗೆ ಅದು ಆರು ವರ್ಷ ಮೊದಲೇ ಸಿಕ್ಕಿತ್ತು. 1949ರ ಮದ್ರಾಸ್ ಹಿಂದೂ ದ್ವಿಪತ್ನಿತ್ವ ನಿಷೇಧ ಮತ್ತು ವಿಚ್ಛೇದನ ಕಾಯ್ದೆ ಎರಡನೆಯ ಹೆಂಡತಿಯನ್ನು ತರುವುದನ್ನು ತಡೆಯಿತು, ಕೋರ್ಟಿನ ಮೂಲಕ ಬಿಡುಗಡೆಯ ಬಾಗಿಲನ್ನೂ ತೆರೆಯಿತು. 1955ರ ಹಿಂದೂ ವಿವಾಹ ಕಾಯ್ದೆ ಬಂದಾಗ ಹಳೆಯದು ಅದರಲ್ಲಿ ಕರಗಿತು. ಹಾಗಿದ್ದರೂ ಹೊಸ ಕಾಯ್ದೆ ಕಂಬಳಿಯನ್ನು ಪೂರ್ತಿ ಮಡಿಚಿಡಲಿಲ್ಲ. ಅದರ 29(2)ನೇ ಕಲಂ ರೂಢಿಯಿಂದ ದೊರೆಯುವ ವಿಚ್ಛೇದನದ ಹಕ್ಕನ್ನು ಹಾಗೆಯೇ ಉಳಿಸಿತು. ಸೋದರತ್ತೆಯ ಮಗಳ ಜೊತೆಗಿನ ಮದುವೆಗೂ ರೂಢಿಯ ಹೆಸರಿನಲ್ಲಿ ವಿನಾಯ್ತಿ ಉಳಿಯಿತು.

ಉಳಿದ ಈ ಹಕ್ಕೇ ಎಷ್ಟೋ ಸಂಸಾರಗಳಿಗೆ ಮುಳ್ಳಾಗಿದೆ. ಊರ ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿ, ಇಬ್ಬರೂ ಸಹಿ ಹಾಕಿ, ಮದುವೆಯಲ್ಲಿ ತವರಿನವರು ಕೊಟ್ಟ ಸೀರು ಸಾಮಾನು ಹಿಂದಿರುಗಿಸಿ, ಎಲ್ಲ ಮುಗಿಯಿತು ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ಸುಪ್ರೀಂ ಕೋರ್ಟು 2002ರ ಯಮನಾಜಿ ಜಾಧವ್ ಪ್ರಕರಣದಲ್ಲಿ ಇದಕ್ಕೆ ನೇರ ಉತ್ತರ ಕೊಟ್ಟಿತು. ರೂಢಿಯ ವಿಚ್ಛೇದನ ಸಾಮಾನ್ಯ ಕಾನೂನಿಗೆ ಅಪವಾದವಾದದ್ದರಿಂದ ಅದನ್ನು ಅರ್ಜಿಯಲ್ಲೇ ಸ್ಪಷ್ಟವಾಗಿ ಹೇಳಬೇಕು, ಸಾಕ್ಷ್ಯದಿಂದ ಸ್ಥಾಪಿಸಬೇಕು. ಬರೀ ಪತ್ರ ಸಾಲದು. ರೂಢಿ ರುಜುವಾಗದಿದ್ದರೆ ಮೊದಲ ಮದುವೆ ಮುರಿದಿಲ್ಲವೆಂದೇ ಅರ್ಥ. ಆಗ ಎರಡನೆಯ ಮದುವೆ ಅಸಿಂಧು, ಮೇಲೆ ದ್ವಿಪತ್ನಿತ್ವದ ಅಪರಾಧ. ಹೊಸದಾಗಿ ಸಂಸಾರ ಹೂಡಿ ಮಕ್ಕಳಾದ ಮೇಲೆ ಈ ಸತ್ಯ ಎದುರಾಗುವ ಹೆಂಗಸಿನ ಸ್ಥಿತಿ ಊಹಿಸಿದರೆ ಮನಸ್ಸು ಭಾರವಾಗುತ್ತದೆ. ಛಾಪಾ ಕಾಗದ ಕೊಳ್ಳುವ ಮುನ್ನ ಒಬ್ಬ ಬಲ್ಲ ವಕೀಲರನ್ನು ಕಂಡಿದ್ದರೆ ಅದು ತಪ್ಪುತ್ತಿತ್ತು.

ಮದುವೆ ಮುರಿಯಿತೆಂದು ಸಾಧಿಸುವುದು ಹಾಗಿರಲಿ, ಮದುವೆ ನಡೆಯಿತೆಂದು ಸಾಧಿಸುವುದೂ ಕೆಲವೊಮ್ಮೆ ಸುಲಭವಲ್ಲ. ಹಳೆಯ ಅನುಪ್ಪರ ಮದುವೆಯಲ್ಲಿ ತಾಳಿಯೇ ಇರಲಿಲ್ಲ. ವಧೂವರರ ಕಿರುಬೆರಳುಗಳನ್ನು ಏಳು ಸಲ ಬೇರೆ ಬೇರೆಯಾಗಿ ಹೆಣೆಯುವುದೇ ಮುಖ್ಯ ಶಾಸ್ತ್ರ. 1955ರ ಕಾಯ್ದೆಯ 7ನೇ ಕಲಂ ಇಬ್ಬರಲ್ಲಿ ಯಾರದೇ ಕಡೆಯ ರೂಢಿಯ ಪ್ರಕಾರ ನಡೆದ ಮದುವೆಯನ್ನು ಮಾನ್ಯ ಮಾಡುತ್ತದೆ. ತಾಳಿ ಎಲ್ಲಿ, ಸಪ್ತಪದಿ ಎಲ್ಲಿ ಎಂದು ಕೇಳುವ ಎದುರು ವಕೀಲರಿಗೆ ಕಿರುಬೆರಳೇ ಉತ್ತರ ಎಂದು ಹೇಳಲು ಆ ರೂಢಿ ತಿಳಿದಿರಬೇಕು. ಇದೇ ತಕರಾರು ತಮಿಳುನಾಡಿನಲ್ಲಿ ಬೇರೆ ರೂಪದಲ್ಲಿ ದೊಡ್ಡದಾಗಿ ಎದ್ದಿತ್ತು. ಕನ್ನಡ ಮಾತಿನ ಮನೆಯಲ್ಲಿ ಹುಟ್ಟಿದ ಪೆರಿಯಾರ್ ಇ.ವಿ. ರಾಮಸ್ವಾಮಿ ಪ್ರಚಾರಕ್ಕೆ ತಂದ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳು ಸಿಂಧುವಲ್ಲ ಎಂದು ಐವತ್ತರ ದಶಕದಲ್ಲಿ ಮದ್ರಾಸ್ ಹೈಕೋರ್ಟು ದೈವಾನೈ ಆಚಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಂಥ ಮದುವೆಗಳಿಗೆ ಮಾನ್ಯತೆ ಸಿಗಲು ಅಣ್ಣಾದೊರೈ ಸರ್ಕಾರ 1967ರಲ್ಲಿ ಕಾಯ್ದೆಗೆ 7ಎ ಕಲಂ ಸೇರಿಸಬೇಕಾಯಿತು.

ಮಕ್ಕಳ ವಿಷಯದಲ್ಲಿ ಕಂಬಳಿಗೂ ಕೋರ್ಟಿಗೂ ಇರುವ ಅಂತರ ಇನ್ನೂ ದೊಡ್ಡದು. ಪಿತೃವಂಶದ ಕುಲಗಳಲ್ಲಿ ಮಗು ತಂದೆಯ ಬಳಿಗೆ ಸೇರಿದ್ದು, ಅಲ್ಲಿಗೆ ಮಾತು ಮುಗಿಯಿತು. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಮಗುವಿನ ಹಿತವನ್ನು ಪ್ರಶ್ನೆಯ ನಡುವಿಗೆ ತಂದಿತು. ತಿಳುವಳಿಕೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ನ್ಯಾಯಾಧೀಶರು ಗಮನಿಸಬಹುದು ಎಂದಿತು. ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಆ ಜಿಲ್ಲೆಯ ಕೋರ್ಟಿನಲ್ಲೇ ಅರ್ಜಿ ಹಾಕಬೇಕು ಎಂದೂ ವಿಧಿಸಿತು.

ಈ ಕೊನೆಯ ನಿಯಮದ ಬಿಸಿ ಜಗತ್ತಿಗೆಲ್ಲ ತಟ್ಟಿದ್ದು ಮದ್ರಾಸಿನ ಒಂದು ಪ್ರಕರಣದಲ್ಲಿ. ಜಿ. ನಾರಾಯಣಯ್ಯ ತಮ್ಮ ಇಬ್ಬರು ಗಂಡುಮಕ್ಕಳ ಪೋಷಣೆಯನ್ನು 1910ರಲ್ಲಿ ಆನಿ ಬೆಸೆಂಟರಿಗೆ ಒಪ್ಪಿಸಿದ್ದರು. ಆ ಮಕ್ಕಳಲ್ಲಿ ಒಬ್ಬರು ಮುಂದೆ ಜೆ. ಕೃಷ್ಣಮೂರ್ತಿ ಎಂದು ಹೆಸರಾದರು. 1912ರಲ್ಲಿ ತಂದೆ ಮಕ್ಕಳನ್ನು ಹಿಂದಕ್ಕೆ ಕೇಳಿ ಚೆಂಗಲ್ಪಟ್ಟು ಜಿಲ್ಲಾ ಕೋರ್ಟಿಗೆ ಹೋದರು. ಮೊಕದ್ದಮೆ ಹೈಕೋರ್ಟಿಗೆ ಬಂದಾಗ ಅವರ ಪರ ವಾದಿಸಿದ್ದು ಸಿ.ಪಿ. ರಾಮಸ್ವಾಮಿ ಅಯ್ಯರ್. ಬೆಸೆಂಟ್ ವಕೀಲರನ್ನು ಇಡದೆ ತಾವೇ ವಾದಿಸಿದರು. ಮದ್ರಾಸಿನಲ್ಲಿ ತಂದೆ ಗೆದ್ದರು. 1914ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ತಿರುವಿಹಾಕಿತು. ಇಂಗ್ಲೆಂಡಿನಲ್ಲಿದ್ದ ಹುಡುಗರು ಚೆಂಗಲ್ಪಟ್ಟಿನ ನಿವಾಸಿಗಳಲ್ಲ, ಅವರ ಇಚ್ಛೆಯನ್ನು ಯಾರೂ ಕೇಳಲೂ ಇಲ್ಲ ಎಂಬುದು ಅದರ ಕಾರಣಗಳಲ್ಲಿ ಸೇರಿತ್ತು. ಎಂಥ ಘಟಾನುಘಟಿ ವಕೀಲರಿದ್ದರೂ ಅರ್ಜಿ ತಪ್ಪು ಊರಿನಲ್ಲಿ ಬಿದ್ದರೆ ಗೆದ್ದ ಮೊಕದ್ದಮೆಯೂ ಕೈ ಜಾರುತ್ತದೆ ಎಂದು ಆ ತೀರ್ಪು ತೋರಿಸಿತು.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತರ ಕಾಯ್ದೆ ಹೇಳಿತು. ತಂದೆ ಬದುಕಿರುವಾಗಲೂ ತಾಯಿ ಸಹಜ ಪೋಷಕಿಯಾಗಬಲ್ಲಳು ಎಂದು ಸುಪ್ರೀಂ ಕೋರ್ಟು ಹೇಳಲು 1999ರ ಗೀತಾ ಹರಿಹರನ್ ಪ್ರಕರಣದವರೆಗೆ ಕಾಯಬೇಕಾಯಿತು.

ಕಾನೂನು ಬದಲಾದಂತೆ ಕೋರ್ಟು ಕೂಡ ಕಣಿವೆಗೆ ಹತ್ತಿರ ಬಂತು. ಕಂಬಂ ಇರುವುದು ಮಧುರೆಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. 1895ರಲ್ಲಿ ಪೆರಿಯಾರ್ ಅಣೆಕಟ್ಟಿನ ನೀರು ಘಟ್ಟ ಇಳಿದು ಬಂದ ಮೇಲೆ ಕಣಿವೆಯ ಗದ್ದೆಗಳ ಬೆಲೆ ಏರಿತು. ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರ ಬೆಳೆಯಿತು, 1928ರಲ್ಲಿ ಅಲ್ಲಿಗೆ ರೈಲೂ ಬಂತು. ಜಮೀನಿಗೆ ಬೆಲೆ ಬಂದಲ್ಲಿ ಜೀವನಾಂಶದ, ಪಾಲಿನ ಜಗಳಕ್ಕೂ ತೂಕ ಬರುತ್ತದೆ. ಆದರೂ ಜಿಲ್ಲಾ ಕೋರ್ಟು ಮಧುರೆಯಲ್ಲೇ ಇತ್ತು. 1985ರಲ್ಲಿ ದಿಂಡಿಗಲ್, 1997ರಲ್ಲಿ ತೇಣಿ ಬೇರೆ ಜಿಲ್ಲೆಗಳಾದವು. 2004ರ ಜುಲೈ 24ರಂದು ಮಧುರೆಯಲ್ಲಿ ಹೈಕೋರ್ಟಿನ ಪೀಠ ತೆರೆದಾಗ ಮೇಲ್ಮನವಿಗಾಗಿ ಚೆನ್ನೈಗೆ ಓಡುವುದೂ ತಪ್ಪಿತು. ಇದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು 2003ರ ಒಂದು ಪುಟ್ಟ ತಿದ್ದುಪಡಿ. ಅದುವರೆಗೆ ಮದುವೆಯಾದ ಊರು, ಕೊನೆಗೆ ಒಟ್ಟಿಗೆ ಬಾಳಿದ ಊರು, ಎದುರು ಪಕ್ಷದವರು ಇರುವ ಊರು ಇವುಗಳನ್ನೇ ಹೆಚ್ಚಾಗಿ ನೋಡುತ್ತಿದ್ದ ಹಿಂದೂ ವಿವಾಹ ಕಾಯ್ದೆಯ 19ನೇ ಕಲಂಗೆ, ಅರ್ಜಿ ಹಾಕುವ ಹೆಂಡತಿ ಈಗ ವಾಸವಿರುವ ಊರೂ ಸೇರಿತು. ತಿರುಪ್ಪೂರಿಗೋ ಬೆಂಗಳೂರಿಗೋ ಕೊಟ್ಟ ಮಗಳು ಕಂಬಮ್ಮಿನ ತವರಿಗೆ ಹಿಂದಿರುಗಿದ್ದರೆ ತವರಿನ ಪಕ್ಕದ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಉತ್ತಮಪಾಳ್ಯಂ ಅಲ್ಲಿಂದ ಹತ್ತು ಕಿಲೋಮೀಟರಿನ ಆಸುಪಾಸು.

ಅಲ್ಲಿನ ವಕೀಲರ ಕಚೇರಿಯಲ್ಲಿ ಮೊದಲ ದಿನ ಕೇಳುವ ಪ್ರಶ್ನೆಗಳಲ್ಲಿ ಈ ಚರಿತ್ರೆಯೆಲ್ಲ ಅಡಗಿರುತ್ತದೆ. ಮದುವೆ ಎಲ್ಲಿ ಆಯಿತಮ್ಮಾ, ಯಾರ ಪದ್ಧತಿಯಲ್ಲಿ? ಕೊನೆಗೆ ಒಟ್ಟಿಗೆ ಇದ್ದದ್ದು ಯಾವ ಮನೆಯಲ್ಲಿ? ಊರಲ್ಲಿ ಪಂಚಾಯ್ತಿ ಆಗಿದೆಯೆ, ಏನಾದರೂ ಬರೆದುಕೊಟ್ಟಿದ್ದೀರಾ? ಮಗು ಈಗ ಯಾರ ಹತ್ತಿರ, ಯಾವ ಶಾಲೆಯಲ್ಲಿ? ಲಗ್ನಪತ್ರಿಕೆ, ಮದುವೆಯ ಫೋಟೊ, ಮುಯ್ಯಿ ಬರೆದ ಪುಸ್ತಕ, ಸೀರಿನ ಪಟ್ಟಿ, ಮಗುವಿನ ಜನನ ಪತ್ರ ಒಂದೊಂದಾಗಿ ಚೀಲದಿಂದ ಹೊರಬರುತ್ತವೆ. ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದಿಟ್ಟ ಪುಸ್ತಕ ಮದುವೆಗೆ ಬಂದವರ ಹೆಸರುಪಟ್ಟಿಯೂ ಹೌದು, ಅಂದರೆ ಸಾಕ್ಷಿಗಳ ಪಟ್ಟಿಯೂ ಹೌದು. ವಿಚ್ಛೇದನದ ಅರ್ಜಿಗೆ ಎಚ್‌ಎಂಒಪಿ, ಮಗುವಿನದಕ್ಕೆ ಜಿಡಬ್ಲ್ಯೂಒಪಿ ಎಂದು ನಂಬರು ಬೀಳುತ್ತದೆ. ಕೋರ್ಟಿನ ಭಾಷೆ ತಮಿಳು. ಮನೆಯಲ್ಲಿ ಕನ್ನಡ ಆಡುವ ಅಜ್ಜಿ ಸಾಕ್ಷಿ ಹೇಳಬೇಕಾದಾಗ ಅವರ ಮಾತಿನ ಜಾಡು ಹಿಡಿಯಬಲ್ಲ ವಕೀಲರಿದ್ದರೆ ಅರ್ಧ ಹೊರೆ ಇಳಿಯುತ್ತದೆ.

ಇಂಥ ವಕೀಲರನ್ನು ಹುಡುಕಲು ಜಾಹೀರಾತು ಫಲಕಗಳಿಲ್ಲ. ವಕೀಲರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲ್ ನಿಯಮಗಳು ತಡೆಯುತ್ತವೆ. 2008ರಲ್ಲಿ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆಯಂಥ ಕೆಲವು ವಿವರ ಹಾಕಲು ಮಾತ್ರ ಸಡಿಲಿಕೆ ಸಿಕ್ಕಿತು. ಬರುವ ಜೀವನಾಂಶದಲ್ಲಿ ಇಷ್ಟು ಪಾಲು ಎಂದು ಫೀಸು ಗೊತ್ತು ಮಾಡುವುದಕ್ಕೂ ನಿಷೇಧವಿದೆ. ಹಾಗಾಗಿ ಇಂದಿಗೂ ವಕೀಲರ ಹೆಸರು ಸಿಗುವುದು ಬಾಯಿಂದ ಬಾಯಿಗೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ನ್ಯಾಯಾಲಯಗಳಲ್ಲಿ ವಕೀಲರನ್ನು ಇಡುವುದು ಹಕ್ಕಲ್ಲ ಎಂದಿತು. ಮಾತುಕತೆಯಿಂದ ರಾಜಿಯಾಗಲಿ, ವಾದದ ಬಿರುಸು ಬೇಡ ಎಂಬುದು ಅದರ ಆಶಯ. ಅನುಮತಿ ಪಡೆದು ವಕೀಲರು ಹಾಜರಾಗುವುದು ಮಾತ್ರ ಎಲ್ಲೆಡೆ ನಡೆದೇ ಇದೆ, ಏಕೆಂದರೆ ರಾಜಿಯ ಮೇಜಿನ ಮುಂದೆಯೂ ತನ್ನ ಹಕ್ಕು ಏನೆಂದು ತಿಳಿಯದವಳೇ ಸೋಲುತ್ತಾಳೆ.

ಹೆಂಗಸು ತನ್ನ ಸಂಕಟವನ್ನು ಇನ್ನೊಬ್ಬ ಹೆಂಗಸಿಗೆ ಹೇಳುವ ಅವಕಾಶ ಕಂಬಳಿಯ ಮುಂದೆ ಇರಲಿಲ್ಲ, ಕೋರ್ಟಿನಲ್ಲೂ ತಡವಾಗಿಯೇ ಬಂತು. 1923ರ ಕಾಯ್ದೆ ಮಹಿಳೆಯರಿಗೆ ವಕೀಲಿಕೆಯ ಬಾಗಿಲು ತೆರೆಯಿತು. ಮದ್ರಾಸಿನಲ್ಲಿ ಅಡ್ವೊಕೇಟ್ ಆಗಿ 1929ರಲ್ಲಿ ನೋಂದಾಯಿಸಿಕೊಂಡ ಮೊದಲ ಮಹಿಳೆ ಬಿ. ಆನಂದಬಾಯಿ ದಕ್ಷಿಣ ಕನ್ನಡದವರು. ತಮಿಳುನಾಡಿನಲ್ಲಿ 1992ರಿಂದ ಮಹಿಳಾ ಪೊಲೀಸ್ ಠಾಣೆಗಳು ಬಂದ ಮೇಲೆ ಸಂಸಾರದ ಜಗಳ ಮೊದಲು ಅಲ್ಲಿಗೆ ಹೋಗುವುದು ರೂಢಿಯಾಗಿದೆ. ಬಲ ತೋರಿಸಿ ತೀರ್ಪು ಹೇಳುವ ಕಟ್ಟೆ ಪಂಚಾಯ್ತಿಗಳು ಸಂಪೂರ್ಣ ಕಾನೂನುಬಾಹಿರ ಎಂದು 2011ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನದೇ ಆರುಮುಗಂ ಸೇರ್ವೈ ಪ್ರಕರಣದಲ್ಲಿ ಸಾರಿತು. ಊರೆಲ್ಲ ನೋಡುವಂತೆ ನಡೆಯುತ್ತಿದ್ದ ವಿಚಾರಣೆ ಈಗ ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನಂತೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಹೆಂಗಸರ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ.

ಫೀಸಿಗೆ ಹಣವಿಲ್ಲ ಎಂಬ ಕಾರಣಕ್ಕೆ ಈ ಕಣಿವೆಯ ಯಾವ ತಾಯಿಯೂ ಹಿಂದೆ ಸರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಹೆಂಗಸರಿಗೂ ಮಕ್ಕಳಿಗೂ ವರಮಾನ ನೋಡದೆ ಉಚಿತ ವಕೀಲರನ್ನು ಕೊಡುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಇದಕ್ಕೆ ಅರ್ಜಿ ಕೊಡಬಹುದು. ಇನ್ನು ಕಪ್ಪಿಲಿಯರ, ಅನುಪ್ಪರ ರೂಢಿಗಳ ವಿಷಯ. ಅವುಗಳ ಬಗ್ಗೆ ಇರುವ ಹಳೆಯ ಲಿಖಿತ ಆಧಾರಗಳು ನೂರು ವರ್ಷ ದಾಟಿದವು, ಹೊರಗಿನ ಅಧಿಕಾರಿಗಳು ಬರೆದವು. ಆ ಪುಟಗಳಲ್ಲಿ ಹೆಂಗಸರ ಹೇಳಿಕೆಯೇ ಇಲ್ಲ. 29(2)ನೇ ಕಲಂ ಜಾರಿಯಲ್ಲಿ ಇರುವಷ್ಟು ದಿನ ಈ ರೂಢಿಗಳು ಸಾಕ್ಷ್ಯವಾಗಿ ಕೋರ್ಟಿಗೆ ಬರುತ್ತಲೇ ಇರುತ್ತವೆ. ಬಿಡುಗಡೆಯಾದ ಹೆಣ್ಣಿಗೆ ಕುಲ ಏನು ಕೊಡುತ್ತಿತ್ತು, ಮಗುವನ್ನು ಯಾರು ಸಾಕುತ್ತಿದ್ದರು, ಯಾವ ಪದ್ಧತಿ ಎಂದೋ ನಿಂತುಹೋಯಿತು ಎಂಬುದನ್ನು ಬಲ್ಲ ಅಜ್ಜಿಯರು ಕಣಿವೆಯಲ್ಲಿ ಇರುವಾಗಲೇ ಅವರ ಮಾತನ್ನು ಅವರದೇ ಕನ್ನಡದಲ್ಲಿ ಬರೆದಿಡುವ ಕೆಲಸ ಆಗಬೇಕು. ಕುಲಸಂಘಗಳು ಮತ್ತು ಉತ್ತಮಪಾಳ್ಯಂ, ಪೆರಿಯಕುಳಂ, ಬೋಡಿನಾಯಕನೂರಿನ ಯುವ ವಕೀಲರು ಒಟ್ಟಿಗೆ ಕೂತರೆ ಇದು ಆಗದ ಕೆಲಸವೇನಲ್ಲ.